ಬಾಲವಿಲ್ಲದ ಮಾತು

ನನ್ನ ಸೋದರತ್ತೆ ಜೆಜ್ಜಿಗಾ ಹುಟ್ಟಿದ್ದು ಕೆಳಗಿನ ಇಘಿಲ್‌ನಲ್ಲಿ, ಮದುವೆಯಾಗಿ ಹೋದದ್ದು ಮೇಲಿನ ಇಘಿಲ್‌ಗೆ. ನಡುವೆ ಅರ್ಧ ಗಂಟೆಯ ಏರುದಾರಿ, ಅಷ್ಟೇ. ಎರಡೂ ಕಡೆ ಅಲ್ಜಿಯರ್ಸ್‌ನ ಪೂರ್ವಕ್ಕಿರುವ ನಮ್ಮ ಬೆಟ್ಟಗಳ ಅದೇ ಕಬೈಲ್ ಮಾತು, ಅದೇ ಅಂಜೂರದ ಮರಗಳು, ಆಲಿವ್ ಎಣ್ಣೆಯಲ್ಲಿ ಅದ್ದಿ ತಿನ್ನುವ ಅದೇ ಬಾರ್ಲಿ ರೊಟ್ಟಿ. ಆದರೂ ಮೇಲಿನವರು ಬಾಯಿ ತೆರೆದರೆ ಕೆಳಗಿನವರು ನಗುತ್ತಿದ್ದರು.

ನಗುವಿಗೆ ಕಾರಣ ಒಂದು 'ಇಲ್ಲ'. ಏನನ್ನಾದರೂ ಇಲ್ಲ ಎನ್ನಬೇಕಾದರೆ ನಾವು ಕೆಳಗಿನವರು ಕ್ರಿಯಾಪದದ ಮುಂದೆ ಒಂದು 'ಉರ್' ಇಡುತ್ತೇವೆ, ಹಿಂದೆ ಒಂದು 'ಅರಾ' ಕಟ್ಟುತ್ತೇವೆ. ಮೇಲಿನವರಿಗೆ ಮುಂದಿನ 'ಉರ್' ಒಂದೇ ಸಾಕಾಗುತ್ತಿತ್ತು. ನಾವು "ಮೇಕೆ ಬರೋದಿಲ್ಲ" ಎನ್ನುವಷ್ಟರಲ್ಲಿ ಅವರು "ಮೇಕೆ ಬಾರದು" ಎಂದು ಮುಗಿಸಿ ಎದ್ದು ಹೋಗಿರುತ್ತಿದ್ದರು. ಹಿಂದೆ ಎಲ್ಲರೂ ಹಾಗೇ ಆಡುತ್ತಿದ್ದರೆಂದೂ 'ಅರಾ' ಆಮೇಲೆ ಬಂದು ಅಂಟಿಕೊಂಡದ್ದೆಂದೂ ನಮ್ಮ ಅಜ್ಜ ಹೇಳುತ್ತಿದ್ದ. ನಾವು ಮಾತ್ರ ಅವರಿಗೆ "ಬಾಲ ಕೊಯ್ದೋರು" ಎಂದು ಹೆಸರಿಟ್ಟಿದ್ದೆವು. ಅವರೇನು ಸುಮ್ಮನಿರುವವರಲ್ಲ. "ನೀವು ಇಲ್ಲ ಅನ್ನೋಕೂ ಎರಡು ಸಲ ಬಾಯಿ ತೆಗೀತೀರಿ. ಒಂದು ಸಲಕ್ಕೆ ನಿಮ್ಮನ್ನ ಯಾರೂ ನಂಬರು, ಅದಕ್ಕೇ" ಎನ್ನುತ್ತಿದ್ದರು.

ಆಣೆ ಇಡುವಾಗ ಮಾತ್ರ ನಾವೂ ಬಾಲ ಬಿಡುತ್ತಿದ್ದೆವು. ದೇವರ ಹೆಸರು ಹೇಳಿ "ಕದಿಯೆ", "ಸುಳ್ಳಾಡೆ" ಎನ್ನುವ ಹೊತ್ತಿಗೆ 'ಅರಾ' ಸೇರಿಸಿದವನ ಆಣೆಗೆ ಕಿಮ್ಮತ್ತಿರಲಿಲ್ಲ. ಇದು ಯಾರೂ ಕಲಿಸದೆ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಅತ್ತೆ ಮಡಕೆ ಮಾಡುತ್ತಿದ್ದಳು. ನಮ್ಮಲ್ಲಿ ಅದು ಹೆಂಗಸರ ಕೆಲಸ. ತಿಗರಿ ಇಲ್ಲ, ಮಣ್ಣನ್ನು ಬತ್ತಿ ಹೊಸೆದು ಸುತ್ತಿ ಸುತ್ತಿ ಏರಿಸಿ, ಹೊಳೆಯ ನುಣುಪುಕಲ್ಲಿನಿಂದ ತೀಡಿ, ಮೇಕೆಯ ಕೂದಲ ಕುಂಚದಲ್ಲಿ ಕಪ್ಪು ಗೆರೆ ಎಳೆಯುವುದು. ಹತ್ತೊಂಬತ್ತರ ಹರೆಯದಲ್ಲಿ ಒಂದು ದಿನ ಅವಳು ಒಣಗಲು ಇಟ್ಟಿದ್ದ ಆರು ಹೂಜಿಗಳನ್ನು ಮೇಲಿಂದ ಇಳಿದ ಮೇಕೆಹಿಂಡು ತುಳಿದುಹಾಕಿತು. ಹಿಂದೆಯೇ ಓಡಿಬಂದವನು ಬೆಲಾಯಿದ್.

"ನಿನ್ನ ಮೇಕೆಗೆ ಕಣ್ಣಿಲ್ವಾ?" ಎಂದಳು ಅತ್ತೆ.

"ಕಣ್ಣಿದೆ. ಬುದ್ಧಿ ಸಾಲದು."

"ಸಾಲದಂತೆ, ಸಾಲದು! ಬಾಲ ಎಲ್ಲಿ ಬಿಟ್ಟು ಬಂದೆ?"

"ಅದನ್ನೂ ಮೇಕೆ ತಿಂದುಬಿಡ್ತು."

ಅತ್ತೆಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಮರುದಿನ ಅವನು ಹೊಳೆದಂಡೆಯಿಂದ ಮೂರು ಕುಕ್ಕೆ ಮಣ್ಣು ಹೊತ್ತು ತಂದು ಅವಳ ಅಂಗಳದಲ್ಲಿ ಸುರಿದು ಹೋದ. ಆ ವರ್ಷ ಅಂಜೂರ ಒಣಗಿಸುವ ಕಾಲಕ್ಕೆ ಮದುವೆಯಾಯಿತು. ಸಾವಿರದ ಒಂಬೈನೂರ ಐವತ್ತೆರಡು. ನಾನಾಗ ಎರಡು ವರ್ಷದ ಮಗು. ಇಷ್ಟು ಭಾಗ ಕೇಳಿ ತಿಳಿದದ್ದು.

ಅವರು ಜೊತೆಗಿದ್ದದ್ದು ಎರಡೇ ವರ್ಷ. ಎರಡನೆಯ ಚಳಿಗಾಲದಲ್ಲಿ ಹಿಮ ಬಿದ್ದು ಇಪ್ಪತ್ತು ಮೇಕೆಗಳಲ್ಲಿ ಹದಿನೇಳು ಸತ್ತವು. ಪಶ್ಚಿಮದ ಒರಾನ್ ಪಟ್ಟಣದ ಸ್ನಾನಗೃಹವೊಂದರಲ್ಲಿ ಒಲೆ ಉರಿಸುವವರು ಬೇಕಂತೆ ಎಂದು ಯಾರೋ ಹೇಳಿದರು. ಬೆಲಾಯಿದ್ ಹೊರಟ. ಎರಡು ಬೇಸಿಗೆ ದುಡಿದು, ಹೊಸ ಹಿಂಡು ಕಟ್ಟಿಕೊಂಡು ಬರುವ ಮಾತಾಗಿತ್ತು. ಅತ್ತೆಯನ್ನು ನೋಡಿಕೊಳ್ಳಲು ಅವನ ತಾಯಿ ಸ್ಮಿನಾ ಇದ್ದಳು. ಅಥವಾ ಸ್ಮಿನಾಳನ್ನು ನೋಡಿಕೊಳ್ಳಲು ಅತ್ತೆ ಇದ್ದಳು.

ಅವನು ಹೋದ ಕೆಲವೇ ವಾರಗಳಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾಯಿತು. ದಾರಿಗಳು ಮುಚ್ಚಿದವು. ಬೆಲಾಯಿದ್‌ಗೆ ಓದುಬರಹವಿಲ್ಲ, ಅತ್ತೆಗೂ ಇಲ್ಲ. ಸುದ್ದಿ ಬರಬೇಕಾದರೆ ಮನುಷ್ಯನೇ ಹೊತ್ತು ತರಬೇಕು. ಎರಡು ವರ್ಷ ಯಾರೂ ತರಲಿಲ್ಲ.

ಮೂರನೆಯ ವರ್ಷ ಲೂನಿಸ್ ಬಂದ. ಅವನು ಕತ್ತೆಯ ಮೇಲೆ ಸೂಜಿ, ದಾರ, ಬಾಚಣಿಗೆ ಹೇರಿಕೊಂಡು ಊರೂರು ಸುತ್ತುವ ವ್ಯಾಪಾರಿ. ನಮ್ಮ ಕೆಳಗಿನ ಇಘಿಲ್‌ನವನೇ. ಒರಾನ್‌ನಲ್ಲಿ ಸರಕು ತರಲು ಹೋದಾಗ ಬೆಲಾಯಿದ್ ಸಿಕ್ಕಿದ್ದನಂತೆ. ಅತ್ತೆ ಅವನಿಗೆ ಮಜ್ಜಿಗೆ ಕೊಡುವುದನ್ನೂ ಮರೆತು ಎದುರಿಗೆ ಕೂತಳು.

"ಚೆನ್ನಾಗಿದಾನಮ್ಮ. ಸ್ವಲ್ಪ ಇಳಿದಿದಾನೆ. 'ಬರ್ತೀನಿ ಅನ್ನು, ನಿನ್ನ ಬಿಡೆ ಅನ್ನು' ಅಂತ ಹೇಳಿ ಕಳಿಸಿದಾನೆ."

"ಬಿಡೆ ಅಂದನಾ, ಬಿಡೋದಿಲ್ಲ ಅಂದನಾ?"

"ಎರಡೂ ಒಂದೇ ಅಲ್ವೇನಮ್ಮ?"

"ಒಂದೇ ಅಲ್ಲ. ನೆನಪು ಮಾಡ್ಕೊ. ಬಾಲ ಇತ್ತಾ ಇಲ್ವಾ?"

"ಅಯ್ಯೋ ದೇವರೇ, ನಾನು ಸೂಜಿ ಮಾರೋನು. ಬಾಲಗೀಲ ಹಿಡಿದು ನೋಡ್ತಾ ಕೂರ್ಲಾ?" ಆಮೇಲೆ ಅವಳ ಮುಖ ನೋಡಿ ಮೆತ್ತಗಾದ. "ಇರ್ಲಿಲ್ಲಮ್ಮ. ಬಿಡೆ ಅಂತಲೇ ಅಂದ. ನನ್ನ ಬಾಯಿಗೆ ಆ ಮಾತು ತಾನಾಗಿ ಬರೋದಿಲ್ಲ. ಅವನು ಅಂದಿದ್ದಕ್ಕೇ ಹಾಗೆ ಬಂತು."

"ದೇವರ ಹೆಸರು ಹೇಳಿದನಾ?"

"ಬಂದರಿನ ಪಕ್ಕದ ಬೀದಿ. ಗಾಡಿಗಳ ಗದ್ದಲ. ಮೊದಲು ಏನೋ ಅಂದ, ಕೇಳಿಸ್ಲಿಲ್ಲ."

ಅತ್ತೆ ತಿರುಗಿ ಸ್ಮಿನಾಳ ಮುಖ ನೋಡಿದಳು. ಮಗನ ಬಾಯಲ್ಲಿ ಎಲ್ಲ ಮಾತೂ ಹಾಗೇ ಬರುತ್ತಿತ್ತೆಂದು ಆ ಮುದುಕಿಗಿಂತ ಚೆನ್ನಾಗಿ ಬಲ್ಲವರಾರು? ಮಳೆ ನಿಲ್ಲದು ಎನ್ನುವಾಗಲೂ ಅವನು ಬಾಲ ಕಟ್ಟಿದವನಲ್ಲ. ಆದರೆ ಸ್ಮಿನಾ ಸೊಸೆಯ ಕೈ ಹಿಡಿದುಕೊಂಡು ಹೇಳಿದಳು: "ಆಣೆ ಇಟ್ಟಿದಾನೆ ಕಣೇ ಮಗಳೇ. ಇನ್ನೇನು ಬೇಕು?"

ಸೊಸೆ ತವರಿಗೆ ಹೋದರೆ ತನಗೆ ಯಾರೂ ಇಲ್ಲ ಎಂಬ ಭಯಕ್ಕೆ ಹಾಗೆಂದಳೋ, ನಿಜವಾಗಿ ನಂಬಿದ್ದಳೋ, ಹೇಳಲಾರೆ. ಮತ್ತೆ ಆ ಮಾತು ತೆಗೆಯದೆಯೇ ಅವಳು ಮುಂದೊಂದು ದಿನ ಸತ್ತಳು.

ಐವತ್ತೇಳರಲ್ಲಿ ಸೈನಿಕರು ಬಂದು ಮೇಲಿನ ಇಘಿಲ್ ಅನ್ನು ಒಂದೇ ಬೆಳಿಗ್ಗೆ ಖಾಲಿ ಮಾಡಿಸಿ ಬೆಂಕಿಯಿಟ್ಟರು. ಅಲ್ಲಿನವರೆಲ್ಲ ಕಂಬಳಿ, ಮಕ್ಕಳು, ಕೈಗೆ ಸಿಕ್ಕ ಪಾತ್ರೆ ಹೊತ್ತು ಇಳಿದುಬಂದರು. ಅತ್ತೆ ಸ್ಮಿನಾಳನ್ನು ಬೆನ್ನ ಮೇಲೆ ಹೊತ್ತು ನಮ್ಮ ಮನೆಯ ಬಾಗಿಲಿಗೆ ಬಂದದ್ದು ನನಗೆ ನೆನಪಿದೆ. ನನಗಾಗ ಏಳು ವರ್ಷ. ಅಪ್ಪ ಮೆಝಿಯಾನ್ ತಂಗಿಗೆ ಹೊರಗಿನ ಕೋಣೆ ಬಿಟ್ಟುಕೊಟ್ಟ. ಅವನು ಅತ್ತೆಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣ. ಅವಳನ್ನು ಪ್ರೀತಿಯಿಂದ ಹಕ್ಕಿ, ಗುಬ್ಬಿ ಎಂದೆಲ್ಲ ಕರೆಯುತ್ತಿದ್ದ.

ಮೇಲಿನ ಊರಿನ ಮಕ್ಕಳು ನಮ್ಮ ಜೊತೆ ಆಡತೊಡಗಿದರು. ನಾವು ನಕ್ಕೆವು. ಒಂದೆರಡು ವರ್ಷಗಳಲ್ಲೇ ಅವರ ಬಾಯಲ್ಲೂ 'ಅರಾ' ಬಂತು. ಆಮೇಲೆ ಅವರ ಅಮ್ಮಂದಿರ ಬಾಯಲ್ಲಿ. ಮುದುಕರು ಮಾತ್ರ ಬದಲಾಗಲಿಲ್ಲ. ಅವರು ಒಬ್ಬೊಬ್ಬರಾಗಿ ಹೋದರು. ಯುದ್ಧ ಮುಗಿದ ಮೇಲೂ ಮೇಲೆ ಹತ್ತಿ ಮನೆ ಕಟ್ಟಿದವರು ಯಾರೂ ಇಲ್ಲ.

ಸ್ವಾತಂತ್ರ್ಯ ಬಂತು, ಬೆಲಾಯಿದ್ ಬರಲಿಲ್ಲ. ಸೆರೆಯಿಂದ, ಕಾಡಿನಿಂದ, ಸಮುದ್ರದಾಚೆಯಿಂದ ಗಂಡಸರು ಮರಳುತ್ತಿದ್ದ ದಿನಗಳು. ಅತ್ತೆ ಬಸ್ಸು ನಿಲ್ಲುವ ತಿರುವಿನಲ್ಲಿ ಮಡಕೆ ಮಾರಲು ಕೂರುವ ನೆಪ ಮಾಡಿಕೊಂಡಳು. ಬಸ್ಸು ಬಂದಾಗ ಎದ್ದು ನಿಲ್ಲುತ್ತಿರಲಿಲ್ಲ, ಕೈಯಲ್ಲಿದ್ದ ಕೆಲಸ ಮಾತ್ರ ನಿಲ್ಲಿಸುತ್ತಿದ್ದಳು. ಕೊನೆಯ ಮನುಷ್ಯ ಇಳಿದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು.

ಅರವತ್ತಮೂರರಲ್ಲಿ ಪಕ್ಕದ ಕಣಿವೆಯಿಂದ ಒಂದು ಸಂಬಂಧ ಬಂತು. ಎಣ್ಣೆಗಾಣದ ಯಜಮಾನ, ಹೆಂಡತಿ ತೀರಿಕೊಂಡವನು, ಒಳ್ಳೆಯವನು. ಅಪ್ಪ ಊರಿನ ಪಂಚಾಯಿತಿಯಲ್ಲಿ ಮಾತು ತೆಗೆದ. ಒಂಬತ್ತು ವರ್ಷ ಕಾಣೆಯಾದವನ ಹೆಂಡತಿಯನ್ನು ಪಂಚಾಯಿತಿ ಬಿಡಿಸಿಕೊಡಬಹುದಿತ್ತು. ಆದರೆ ಬಿಡೆನೆಂದು ಆಣೆಯಿಟ್ಟು ಹೇಳಿ ಕಳಿಸಿದ್ದರೆ ಅವನೇ ಬಂದು ಬಿಡುವ ತನಕ ಕಾಯಬೇಕು. ಹೀಗಾಗಿ ಊರಬಾಗಿಲ ಕಲ್ಲುಕಟ್ಟೆಯ ಮೇಲೆ ಹನ್ನೊಂದು ಮಂದಿ ಹಿರಿಯರು ಒಂದು ಇಡೀ ಮಧ್ಯಾಹ್ನ 'ಅರಾ'ದ ಮೇಲೆ ಜಗಳವಾಡಿದರು. ಹೆಂಗಸರು ಒಳಗೆ ಕೂರುವಂತಿಲ್ಲ. ಅತ್ತೆ ಹೊರಗಿನ ಗೋಡೆಗೆ ಒರಗಿ ನಿಂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ.

ಲೂನಿಸ್‌ನನ್ನು ಕರೆಸಿದರು. ಅವನು ಏಳು ವರ್ಷದ ಹಿಂದೆ ಹೇಳಿದ್ದನ್ನೇ ಹೇಳಿದ.

"ಬಿಡೆ ಅಂದಿದಾನೆ, ಬಾಲ ಇಲ್ಲ. ಅಂದ್ಮೇಲೆ ಆಣೆಯೇ" ಎಂದ ನಮ್ಮ ಊರಿನ ಮುಖ್ಯಸ್ಥ ದಾ ಅಮೊಕ್ರಾನ್. ಹಿರಿಯ ಗಂಡಸರನ್ನು ನಮ್ಮಲ್ಲಿ 'ದಾ' ಎಂದು ಕರೆಯುವುದು.

ಮೇಲಿನ ಇಘಿಲ್‌ನವರಲ್ಲಿ ಉಳಿದಿದ್ದ ಹಿರಿಯ ದಾ ಅರೆಸ್ಕಿ ಕೋಲು ಕುಟ್ಟಿ ಎದ್ದ. "ಏನಪ್ಪಾ ನಿಮ್ಮ ನ್ಯಾಯ? ನಮ್ಮ ಬಾಯಲ್ಲಿ ಎಲ್ಲಾನೂ ಹಾಗೇ ಬರೋದು. ನನ್ನ ಮೇಕೆ ಹಾಲು ಕೊಡದು ಅಂತೀನಿ. ಆ ಮೇಕೆ ಏನು ದೇವರ ಮೇಲೆ ಆಣೆ ಇಟ್ಟಿದೆಯಾ?"

ಎಲ್ಲರೂ ನಕ್ಕರು. ಅಪ್ಪನಿಗೆ ಸಮಾಧಾನವಾದಂತೆ ಕಂಡಿತು. ಆಗ ಹೊರಗಿನಿಂದ ಅತ್ತೆ ದನಿಯೆತ್ತಿ ಕೇಳಿದಳು: "ದಾ ಅರೆಸ್ಕಿ, ನಿಮ್ಮ ಮೇಕೆ ಆಮೇಲೆ ಹಾಲು ಕೊಟ್ಟಿತಾ?"

ಮುದುಕ ತಬ್ಬಿಬ್ಬಾದ. "ಇನ್ನೆಲ್ಲಿ ಕೊಟ್ಟೀತು? ಕೊಡದು ಅಂದ್ಮೇಲೆ ಕೊಡದು."

"ಹಾಗಾದ್ರೆ ಆಣೆ ಇಲ್ಲದಿದ್ರೂ ನಿಮ್ಮ ಮಾತು ನಿಲ್ಲುತ್ತಲ್ಲ. ನನಗೆ ಅಷ್ಟು ಸಾಕು. ಆ ಗಾಣದೋರಿಗೆ ನನ್ನಿಂದ ನಮಸ್ಕಾರ ಹೇಳಿ."

ಅಪ್ಪ ಅಂದು ಮನೆಗೆ ಬಂದು ಊಟ ಮಾಡಲಿಲ್ಲ. "ಒಂದು ಮಾತಿನ ತುದಿ ಹಿಡ್ಕೊಂಡು ಜೀವ ತೇಯ್ತೀಯಲ್ಲೇ" ಎಂದ. ಅವಳು ಅವನ ಮುಂದೆ ಕುಸ್‌ಕುಸ್ ತಟ್ಟೆ ಇಟ್ಟು, "ಆರಿಹೋಗುತ್ತೆ, ತಿನ್ನು" ಎಂದಳು.

ಹಾಗೆ ಮತ್ತೆ ಒಂಬತ್ತು ವರ್ಷ. ವಸಂತದಲ್ಲಿ ಮಣ್ಣು ತೋಡುವುದು, ಬೇಸಿಗೆಯಲ್ಲಿ ಸಗಣಿ ಸೌದೆ ಪೇರಿಸಿ ಬಯಲಲ್ಲೇ ಸುಡುವುದು, ಬಿಸಿ ಆರುವ ಮುನ್ನ ಪೈನ್ ಮರದ ಅಂಟು ಒರೆಸಿ ಹೊಳಪು ಕೊಡುವುದು. ಅವಳ ಹೂಜಿಗಳಿಗೆ ಬೇಡಿಕೆ ಬಂತು. ಕೂದಲು ನರೆಯಿತು. ಮೇಲಿನ ಊರಿನ ಮುದುಕಿಯರಲ್ಲಿ ಯಾರಾದರೂ ಇನ್ನೂ ಹಳೆಯ ರೀತಿ ಮಾತಾಡುವವರಿದ್ದರೆ ಕೆಲಸವಿಲ್ಲದಿದ್ದರೂ ಅವರ ಮನೆಗೆ ಹೋಗಿ ಕೂರುತ್ತಿದ್ದಳು. ಹೋದವಳು ಮಾತಾಡುತ್ತಿರಲಿಲ್ಲ. ಕೇಳುತ್ತಿದ್ದಳು.

ಎಪ್ಪತ್ತೆರಡರಲ್ಲಿ ನಾನು ಅಲ್ಜಿಯರ್ಸ್‌ನಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದೆ. ಒಂದು ಬೆಳಿಗ್ಗೆ ಹಾಸ್ಟೆಲಿನ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಜನ್ಮದಲ್ಲಿ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಮೈಮೇಲೆ ಹಬ್ಬದ ಕೆಂಪು ಪಟ್ಟಿಯ ಉಡುಪು, ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಹೂಜಿ.

"ಮೆಲ್ಖೀರ್, ನಿನಗೆ ಅರಬ್ಬಿ ಬರುತ್ತಲ್ಲ. ನಡಿ ಒರಾನ್‌ಗೆ."

ಊರಿನವನೊಬ್ಬ ಸೈನ್ಯದಲ್ಲಿದ್ದಾಗ ಒರಾನ್‌ನ ಸ್ನಾನಗೃಹಕ್ಕೆ ಹೋಗಿ, ಒಲೆಯ ಬಳಿ ಬೆಲಾಯಿದ್‌ನನ್ನು ಕಂಡಿದ್ದನಂತೆ. ಬದುಕಿದ್ದಾನೆ ಎಂಬುದಷ್ಟೇ ಅವನು ತಂದ ಸುದ್ದಿ. ಬೇರೆ ಇನ್ನೇನೋ ಗೊತ್ತಿದ್ದರೂ ಹೇಳಿರಲಿಲ್ಲ. ಅತ್ತೆ ಕೇಳಿಯೂ ಇರಲಿಲ್ಲ.

ರೈಲಿನಲ್ಲಿ ಹಗಲಿಡೀ ಕೂತೆವು. ಸುತ್ತ ಎಲ್ಲ ಅರಬ್ಬಿ ಮಾತು. ಅತ್ತೆಗೆ ಅರ್ಥವಾಗುತ್ತಿರಲಿಲ್ಲ, ಆದರೆ ಅವಳ ಕಿವಿ ಸೂಕ್ಷ್ಮ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಇವರು ಮಾತಿನ ಕೊನೇಲಿ ಶ್ ಶ್ ಅಂತಾರಲ್ಲ, ಯಾರನ್ನ ಸುಮ್ಮನಿರಿಸ್ತಿದಾರೆ?"

ನನಗೆ ನಗು ಬಂತು. "ಅದು ಅವರ ಅರಾ, ಅತ್ತೆ. ಇಲ್ಲ ಅನ್ನೋಕೆ ಮುಂದೆ 'ಮಾ', ಹಿಂದೆ 'ಶ್'. ನಮ್ಮ ಮೇಷ್ಟ್ರು ಹೇಳ್ತಿದ್ರು, ಮೊದಲು ಬರೀ ಮಾ ಇತ್ತಂತೆ. ಶ್ ಅನ್ನೋದು ವಸ್ತು ಅನ್ನೋ ಮಾತಿನ ಚೂರು. 'ಒಂದು ವಸ್ತುನೂ ಕಾಣಲಿಲ್ಲ' ಅಂತ ಒತ್ತಿ ಹೇಳೋಕೆ ಸೇರಿಸ್ತಿದ್ದರಂತೆ. ಎಲ್ಲರೂ ಎಲ್ಲದಕ್ಕೂ ಒತ್ತಿ ಒತ್ತಿ, ಒತ್ತು ಸವೆದುಹೋಯ್ತು. ಈಗ ಅದಿಲ್ಲದಿದ್ರೆ ಮಾತೇ ಮುಗಿಯಲ್ಲ."

"ನಮ್ಮ ಅರಾನೂ ಹಾಗೇ ಬಂತಾ?"

"ಹಾಗೇ ಇರಬಹುದು ಅಂತಾರೆ. ಸರಿಯಾಗಿ ಯಾರಿಗೂ ಗೊತ್ತಿಲ್ಲ. ಪೂರ್ವದ ಕಡೆ ಕೆಲವು ಅರಬರು ಮುಂದಿನ ಮಾ ಬಿಟ್ಟೇಬಿಟ್ಟಿದಾರಂತೆ. ಬರೀ ಶ್ ಸಾಕಂತೆ."

ಅತ್ತೆ ಕಿಟಕಿಯಾಚೆ ಗೋಧಿಯ ಬಯಲು ನೋಡುತ್ತಾ ಕೂತಳು. ಆಮೇಲೆ ಹೇಳಿದಳು: "ಮೊದಲಿಂದ ಇದ್ದೋರು ಹೊರಗೆ. ಆಮೇಲೆ ಬಂದೋರು ಒಳಗೆ."

ಅವಳು ಎಲ್ಲಕ್ಕೂ ಸಿದ್ಧಳಾಗಿಯೇ ಹೊರಟಿದ್ದಾಳೆಂದು ನನಗಾಗ ತಿಳಿಯಿತು.

ಮರುದಿನ ಬೆಳಿಗ್ಗೆ ವಿಚಾರಿಸಿಕೊಂಡು ಆ ಸ್ನಾನಗೃಹಕ್ಕೆ ಹೋದೆವು. ಒಲೆಗೆ ಹಿಂದಿನ ಓಣಿಯಿಂದ ದಾರಿ. ಮೂರು ಮೆಟ್ಟಿಲು ಕೆಳಗೆ ಒಬ್ಬ ಮನುಷ್ಯ ಮರದ ಹೊಟ್ಟು ಎರಚುತ್ತಿದ್ದ. ಮುಖಕ್ಕೆಲ್ಲ ಮಸಿ, ಗಡ್ಡ ಮಾತ್ರ ಬೆಳ್ಳಗಿತ್ತು. ಬಾಗಿಲ ಬೆಳಕಿಗೆ ಅಡ್ಡ ನಿಂತವರು ಯಾರೆಂದು ಕಣ್ಣು ಕಿರಿದು ಮಾಡಿ ನೋಡಿದ. ಕೈಯಲ್ಲಿದ್ದ ಸಲಿಕೆಯನ್ನು ಗೋಡೆಗೆ ಒರಗಿಸಿದ, ಅದು ಜಾರಿ ಬಿತ್ತು.

"ಜೆಜ್ಜಿಗಾ?"

"ಹೂಂ."

"ನಾನು... ನನಗೆ ಬರೋಕಾಗ್ಲಿಲ್ಲ, ಜೆಜ್ಜಿಗಾ."

ಹದಿನೆಂಟು ವರ್ಷಗಳ ಮೇಲೆ ಅವನಾಡಿದ ಮೊದಲ ಮಾತಿನ ಕೊನೆಗೆ 'ಅರಾ' ಇತ್ತು. ಅತ್ತೆಯ ಕೈ ನನ್ನ ತೋಳನ್ನು ಹಿಡಿಯಿತು.

"ನಿನಗೂ ಬಾಲ ಬಂತಲ್ಲ" ಎಂದಳು.

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಮಸಿಯ ಮುಖ ಸಣ್ಣದಾಯಿತು. "ಇಲ್ಲಿ ಕಬೈಲರು ಹತ್ತಾರು ಊರಿನೋರು. ನಾನು ಬಾಯಿಬಿಟ್ರೆ ನಗ್ತಿದ್ರು. ಆಮೇಲೆ ಮನೇಲೂ ಅರಬ್ಬಿ."

'ಮನೇಲೂ' ಎಂದದ್ದು ತನಗೇ ಕೇಳಿಸಿತು. ನಂತರ ಮೆಟ್ಟಿಲ ಮೇಲೆ ಕೂತು ಉಳಿದದ್ದನ್ನು ಹೇಳಿದ. ಐವತ್ತೇಳರಲ್ಲಿ ಅವನನ್ನು ಹಿಡಿದು ಎರಡು ವರ್ಷ ಸೆರೆಯಲ್ಲಿಟ್ಟಿದ್ದರು. ಅಲ್ಲಿ ಯಾರೋ, ಮೇಲಿನ ಇಘಿಲ್ ಸುಟ್ಟುಹೋಯಿತು, ಒಬ್ಬರೂ ಉಳಿದಿಲ್ಲ ಎಂದರು. ಬಿಡುಗಡೆಯಾದಾಗ ಕಾಯಿಲೆಯಿಂದ ನಿಲ್ಲಲೂ ಆಗದವನನ್ನು ಇಲ್ಲಿನ ಹಳೆಯ ಒಲೆಯವನು ಮನೆಗೆ ಕರೆದೊಯ್ದ. ಅವನ ಮಗಳು ಖೈರಾ ಆರೈಕೆ ಮಾಡಿದಳು. ಮದುವೆಯಾಯಿತು. ನಾಲ್ವರು ಮಕ್ಕಳು. ಮೇಲಿನವರು ಕೆಳಗಿನ ಊರಲ್ಲಿ ಬದುಕಿದ್ದಾರೆಂದು ತಿಳಿಯುವ ಹೊತ್ತಿಗೆ ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು.

"ಬರಬೇಕು ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ಬರ್ಲಿ?"

"ಇದೇ ಮುಖ ಇಟ್ಕೊಂಡು" ಎಂದಳು ಅತ್ತೆ. "ಒಂದು ಕೇಳ್ತೀನಿ, ನಿಜ ಹೇಳು. ಸೂಜಿ ಮಾರೋ ಲೂನಿಸ್ ಹತ್ರ 'ನಿನ್ನ ಬಿಡೆ' ಅಂತ ಹೇಳಿ ಕಳಿಸಿದೆ. ಆಣೆ ಇಟ್ಟಿದ್ದೆಯಾ?"

ಅವನು ಮಂಡಿಯ ಮೇಲೆ ಕೈಯಿಟ್ಟು ಯೋಚಿಸಿದ. ಸುಳ್ಳು ಹೇಳುವುದು ಸುಲಭವಿತ್ತು. ನಾನು ಅವನಾಗಿದ್ದರೆ ಹೇಳುತ್ತಿದ್ದೆ.

"ನೆನಪಿಲ್ಲ, ಜೆಜ್ಜಿಗಾ. ಲೂನಿಸ್ ಸಿಕ್ಕಿದ್ದೂ ಸರಿಯಾಗಿ ನೆನಪಿಲ್ಲ. ಹಾಗೆ ಅಂದಿರ್ತೀನಿ. ಆಗ ನಾನು ಮಾತಾಡ್ತಿದ್ದದ್ದೇ ಹಾಗಲ್ವಾ?"

ಅತ್ತೆ ತಲೆಯಾಡಿಸಿದಳು. ಅಳಲಿಲ್ಲ. ಬಟ್ಟೆ ಬಿಚ್ಚಿ ಹೂಜಿಯನ್ನು ಅವನ ಪಕ್ಕದ ಮೆಟ್ಟಿಲ ಮೇಲಿಟ್ಟಳು. ಅವನು ಅದರ ಕುತ್ತಿಗೆಯ ಗೆರೆಗಳನ್ನು ಮಸಿಬೆರಳಿನಿಂದ ಮುಟ್ಟಲು ಹೋಗಿ ಕೈ ಹಿಂದೆಗೆದುಕೊಂಡ.

ಆ ಹೊತ್ತಿಗೆ ಖೈರಾ ಗಂಡನಿಗೆ ಬುತ್ತಿ ತಂದಳು. ದಪ್ಪ ಮೈಯ, ದೊಡ್ಡ ದನಿಯ ಹೆಂಗಸು. ನಮ್ಮನ್ನು ನೋಡಿದಳು, ಗಂಡನ ಮುಖ ನೋಡಿದಳು, ಹೂಜಿ ನೋಡಿದಳು. ಮೊದಲ ಹೆಂಡತಿ ಸತ್ತಳೆಂದೇ ಅವಳಿಗೆ ತಿಳಿದಿತ್ತು. ಬೆಲಾಯಿದ್ ನೆಲ ನೋಡುತ್ತಾ ನಾಲ್ಕು ಮಾತಿನಲ್ಲಿ ಹೇಳಿದ. ಖೈರಾ ಎರಡೂ ಕೈ ಎದೆಗೆ ಒತ್ತಿಕೊಂಡು ಅತ್ತೆಯತ್ತ ತಿರುಗಿ ಏನೋ ಅಂದಳು. ನಾನು ತರ್ಜುಮೆ ಮಾಡುವ ಮೊದಲೇ ಅತ್ತೆ ಕೇಳಿದಳು: "ಆಣೆ ಇಟ್ಟಳಲ್ವಾ?"

"ಹೂಂ. 'ದೇವರಾಣೆ, ನಾ ಅರಿಯೆ' ಅಂದಳು. ನಿನಗೆ ಹ್ಯಾಗೆ ಗೊತ್ತಾಯ್ತು?"

"ಕೊನೇಲಿ ಶ್ ಅನ್ನಲಿಲ್ಲ."

ಅರಬ್ಬಿಯಲ್ಲೂ ಆಣೆಗೆ ಬಾಲವಿಲ್ಲ. ಅಷ್ಟು ವರ್ಷ ಅರಬ್ಬಿ ಓದಿದ ನಾನು ಅದನ್ನು ಅಂದು ಗಮನಿಸಿದೆ.

ಖೈರಾ ನಮ್ಮನ್ನು ಹೋಗಲು ಬಿಡಲಿಲ್ಲ. ಮನೆಗೆ ಕರೆದೊಯ್ದು ಕಡಲೆಹಿಟ್ಟಿನ ಬಿಸಿ ಕರಂತಿಕಾ ಕೊಟ್ಟಳು, ಮೀನು ಹುರಿದಳು. ಬೆಲಾಯಿದ್ ಒಲೆ ಬಿಟ್ಟು ಬರುವಂತಿಲ್ಲ ಎಂದು ಅಲ್ಲೇ ಉಳಿದ, ಬಂದಿದ್ದರೂ ಕೂರಲಾಗುತ್ತಿರಲಿಲ್ಲ. ಊಟವಾದ ಮೇಲೆ ಖೈರಾ ಹತ್ತಿರ ಸರಿದು ನನ್ನನ್ನು ಕೇಳಿದಳು: "ಮಗಳೇ, ಇವರು ನಿದ್ದೆಯಲ್ಲಿ ನಿಮ್ಮ ಭಾಷೆ ಮಾತಾಡ್ತಾರೆ. ಹನ್ನೆರಡು ವರ್ಷದಿಂದ ಕೇಳ್ತಿದೀನಿ. ಎದ್ದ ಮೇಲೆ ಕೇಳಿದ್ರೆ ಹೇಳಲ್ಲ. ಏನದು, ನಿನ್ನ ಅತ್ತೇನ ಕೇಳು." ಮತ್ತೆ ಕಣ್ಣು ಮುಚ್ಚಿ, ಅರ್ಥ ತಿಳಿಯದ ಶಬ್ದಗಳನ್ನು ಒಂದೊಂದಾಗಿ, ಗಂಡನ ದನಿಯ ಏರಿಳಿತದಲ್ಲೇ ಒಪ್ಪಿಸಿದಳು.

ಅತ್ತೆ ಬಟ್ಟಲು ಕೆಳಗಿಟ್ಟಳು. ಖೈರಾಳ ಒರಟು ಉಚ್ಚಾರದ ಒಳಗಿಂದ ಮೇಲಿನ ಇಘಿಲ್‌ನ ಮಾತು ಬರುತ್ತಿತ್ತು. 'ಮೇಕೆ ಬಾರದು. ನೀರು ಸಾಲದು. ಬಾಗಿಲು ನಿಲ್ಲದು.' ಒಂದಕ್ಕೂ 'ಅರಾ' ಇರಲಿಲ್ಲ.

"ಏನಂತೆ?" ಎಂದಳು ಖೈರಾ, ಹೆದರಿದವಳಂತೆ.

"ಮೇಕೆ ಕರೀತಾನೆ ಅಂತ ಹೇಳು" ಎಂದಳು ಅತ್ತೆ. "ಬಾಗಿಲ ಅಗಳಿ ಸಡಿಲ ಇತ್ತು, ಅದನ್ನ ಬೈತಾನೆ."

ನಾನು ಹೇಳಿದೆ. ಖೈರಾ ಹಣೆ ಬಡಿದುಕೊಂಡಳು. "ಮೇಕೆನಾ! ಹನ್ನೆರಡು ವರ್ಷ ನಾನು ಯಾವಳೋ ಹೆಂಗಸಿನ ಹೆಸರು ಅಂದ್ಕೊಂಡು ಒಳಗೊಳಗೇ ಉರೀತಿದ್ದೆನಲ್ಲೇ!"

ಅವಳು ನಗತೊಡಗಿದಳು. ಅತ್ತೆಯೂ ನಕ್ಕಳು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಗುತ್ತಿದ್ದಂತೆ ಅತ್ತೆಯ ನಗು ಎಲ್ಲೋ ಒಡೆಯಿತು. ಖೈರಾ ಅವಳನ್ನು ಎದೆಗೆ ಒತ್ತಿಕೊಂಡು, ಮಗುವಿಗೆ ಮಾಡುವಂತೆ ಬೆನ್ನು ತಟ್ಟಿದಳು. ಸಂಜೆಯ ಮೊದಲೇ ನಾವು ಸ್ಟೇಷನ್ನಿಗೆ ಹೊರಟೆವು. ಬೆಲಾಯಿದ್ ಮುಖ ತೊಳೆದುಕೊಂಡು ಬಂದು ದೂರದ ಕಂಬದ ಬಳಿ ನಿಂತಿದ್ದ. ಅವನು ಹತ್ತಿರ ಬರಲಿಲ್ಲ, ಅತ್ತೆ ಕರೆಯಲಿಲ್ಲ. ರೈಲು ಹೊರಡುವವರೆಗೆ ಒಬ್ಬರನ್ನೊಬ್ಬರು ನೋಡಿದರು.

ಊರಿಗೆ ಬಂದ ಮೇಲೆ ಅತ್ತೆ ಯಾರಿಗೂ ಏನೂ ಹೇಳಲಿಲ್ಲ. ಅಪ್ಪ ಕೇಳಿದ್ದಕ್ಕೆ "ಬದುಕಿದಾನೆ, ಬಾರನು" ಎಂದಷ್ಟೇ ಹೇಳಿದಳು. ಅಪ್ಪ ಗಾಬರಿಯಿಂದ ನನ್ನ ಮುಖ ನೋಡಿದ. ಅಂದಿನಿಂದ ಅವಳು ಹಾಗೇ ಮಾತಾಡಿದಳು. ಕೆಳಗಿನ ಊರಿನ ಮಗಳು, ಮೇಲಿನ ಊರಿನವರೇ ಬಿಟ್ಟುಕೊಟ್ಟ ಮಾತನ್ನು ನಲವತ್ತರ ಹೊಸ್ತಿಲಲ್ಲಿ ಎತ್ತಿಕೊಂಡಳು. ದಾ ಅರೆಸ್ಕಿ ಆಗ ಹಾಸಿಗೆ ಹಿಡಿದಿದ್ದ. ಅವನು ಅವಳನ್ನು ದಿನಾ ಕರೆಸಿಕೊಂಡು ಮಾತಾಡಿಸುತ್ತಿದ್ದ. ಮಡಕೆ ಕಲಿಯಲು ಬಂದ ಹುಡುಗಿಯರ ಬಾಯಿಗೂ ಅದು ಹತ್ತಿತು. ತಾಯಂದಿರು ಜಗಳಕ್ಕೆ ಬಂದರು: "ಜೆಜ್ಜಿಗಾ ಅಕ್ಕ, ಮಡಕೆ ಕಲಿಸು ಅಂದ್ರೆ ನಮ್ಮ ಮಕ್ಕಳ ಬಾಲ ಕೊಯ್ದು ಕಳಿಸ್ತಿದೀಯಲ್ಲ!"

"ಕೊಯ್ದದ್ದು ನಾನಲ್ಲ. ಭಾರ ಅನ್ನಿಸಿ ಅವೇ ಬಿಟ್ಟವು" ಎನ್ನುತ್ತಿದ್ದಳು.

ಒಮ್ಮೆ ನಾನು ಕೇಳಿದೆ, ಸಿಟ್ಟಿಲ್ಲವೇ ಎಂದು. ಅವಳು ಒದ್ದೆ ಮಣ್ಣಿನಿಂದ ತಲೆಯೆತ್ತಲಿಲ್ಲ. "ಎಚ್ಚರದಲ್ಲಿ ಅವನು ಅವಳೋನು, ಮೆಲ್ಖೀರ್. ನಿದ್ದೆಯಲ್ಲಿ ಇನ್ನೂ ಗುಡ್ಡ ಇಳಿದಿಲ್ಲ. ನಾನು ಅಲ್ಲಿಗೆ ಹೋಗಲಾರೆ. ಆ ಮಾತಾದ್ರೂ ಆಡ್ತಿದ್ರೆ ಹತ್ತಿರ ಇದ್ದ ಹಾಗಿರುತ್ತೆ."

ಎಂಬತ್ತನಾಲ್ಕರ ಡಿಸೆಂಬರಿನಲ್ಲಿ, ಆಲಿವ್ ಕೊಯ್ಲಿನ ನಡುವೆ, ಬಸ್ಸಿನಿಂದ ಖೈರಾ ಇಳಿದಳು. ಜೊತೆಗೆ ಯಾರೂ ಇರಲಿಲ್ಲ. ಬೆಲಾಯಿದ್ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಒರಾನ್‌ನಲ್ಲೇ ಮಣ್ಣು ಮಾಡಿದ್ದರು. "ಇವಳಿಗೆ ಕಾಗದದಲ್ಲಿ ತಿಳಿಸೋ ಸುದ್ದಿಯಲ್ಲ ಅನ್ನಿಸ್ತು" ಎಂದಳು ನನ್ನ ಬಳಿ. ನಾನು ಆಗ ಊರಿನ ಶಾಲೆಯಲ್ಲೇ ಕಲಿಸುತ್ತಿದ್ದೆ.

ಅತ್ತೆ ಸುದ್ದಿ ಕೇಳಿ ಹೊಲದಿಂದ ಮನೆಗೆ ನಡೆದಳು, ಕೈಕಾಲು ತೊಳೆದಳು, ಕೋಣೆಯಲ್ಲಿ ಕುರಿಚರ್ಮ ಹಾಸಿದಳು. ಗಂಡ ಸತ್ತವಳಾಗಿ ಶೋಕಕ್ಕೆ ಕೂರುತ್ತಿದ್ದಾಳೆಂದು ಊರಿನ ಹೆಂಗಸರಿಗೆ ತಿಳಿಯಿತು. ಆದರೆ ಬಾಗಿಲಲ್ಲೇ ನಿಂತರು: ಮೂವತ್ತು ವರ್ಷದ ಹಿಂದೆ ಹೋದವನು, ಬೇರೆ ಸಂಸಾರ ಮಾಡಿದವನು; ಇವಳಿಗೆ ಗಂಡ ಸತ್ತ ದುಃಖ ಹೇಳಬಹುದೇ ಎಂದು ಅನುಮಾನ. ಖೈರಾ ಒಳಗೆ ಹೋಗಿ ಅತ್ತೆಯ ಪಕ್ಕದಲ್ಲಿ ಅದೇ ಚರ್ಮದ ಮೇಲೆ ಕೂತಳು. ಆಮೇಲೆ ಯಾರೂ ತಡಮಾಡಲಿಲ್ಲ. ಒಬ್ಬೊಬ್ಬರಾಗಿ ಬಂದು ಇಬ್ಬರ ತಲೆಗೂ ಮುತ್ತಿಟ್ಟು ಕೂತರು. ಅಪ್ಪ, ಅರವತ್ತು ದಾಟಿದವನು, ಅಂಗಳದಲ್ಲಿ ಕುರಿ ಕೊಯ್ಯಿಸಿದ. ಊರಿಗೆಲ್ಲ ಕುಸ್‌ಕುಸ್ ಬೇಯಿತು.

ಖೈರಾ ಕೊಯ್ಲು ಮುಗಿಯುವವರೆಗೂ ಉಳಿದಳು. ಕೋಲಿನಿಂದ ಕೊಂಬೆ ಬಡಿಯುವುದು ಅವಳಿಗೆ ಬರುತ್ತಿರಲಿಲ್ಲ. ಕೆಳಗೆ ಹರಡಿದ ಬಟ್ಟೆಯಿಂದ ಎಲೆ ಆರಿಸುತ್ತಿದ್ದಳು. ಅವಳು ಅರಬ್ಬಿಯಲ್ಲಿ ಮಾತಾಡುತ್ತಿದ್ದಳು, ಅತ್ತೆ ಕಬೈಲ್‌ನಲ್ಲಿ. ಮಧ್ಯಾಹ್ನ ರೊಟ್ಟಿ ಬಿಚ್ಚಿಕೊಂಡು ಕೂತಾಗ ನನ್ನನ್ನು ತರ್ಜುಮೆಗೆ ಕರೆಯುವುದನ್ನೂ ಬಿಟ್ಟರು. ಎರಡು ಮರಗಳಾಚೆಯಿಂದ ನೋಡಿದರೆ, ಮಂಡಿನೋವಿನ ಇಬ್ಬರು ಹೆಂಗಸರು ಕಾಲು ನೀಡಿ ಕೂತು ಹೊಸ ಎಣ್ಣೆಯ ರುಚಿಯ ಬಗ್ಗೆ ವಾದ ಮಾಡುತ್ತಿರುವಂತೆ ಕಾಣುತ್ತಿತ್ತು.